ಕೋವಿ ನೋಡುತ್ತಿದ್ದ ಪುಟ್ಟಾಚಮ್ಮ

ಹೊಸಹೊಳಲಿನ ಪುಟ್ಟಾಚಮ್ಮ ಕೋವಿ ಮುಟ್ಟುವ ಮೊದಲು ಅದನ್ನು ತಂದವನ ಕೈ ಹಿಡಿದು ನೋಡುತ್ತಿದ್ದಳು. ಅವಳ ಗಂಡ ಪಟ್ಟಣದಲ್ಲಿ ಸುಲ್ತಾನರ ಕಾರ್ಖಾನೆಯಲ್ಲಿ ಕೋವಿ ಮಾಡುತ್ತಿದ್ದ ಕಮ್ಮಾರ. ಅವನು ತೀರಿಕೊಂಡ ಮೇಲೆ ಕುಲುಮೆ ಆರಿತು. ಆದರೂ ಕೆಟ್ಟ ಕೋವಿಗೆ ಬೆಲೆ ಕಟ್ಟಿಸಬೇಕೆಂದರೆ ಸುತ್ತಲಿನ ಬೇಟೆಗಾರರು ಅವಳ ಜಗಲಿಗೇ ಬರುತ್ತಿದ್ದರು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ನಾಗಮಂಗಲದವನೊಬ್ಬ ಇದು ನಮ್ಮಪ್ಪನ ಕೋವಿ ಎಂದಾಗ, ನಿಮ್ಮಪ್ಪ ಎಡಚನೋ ಎಂದು ಕೇಳಿದಳು. ಅಲ್ಲವೆಂದ. ಮರದ ಹಿಡಿಯ ಬಲಮಗ್ಗುಲಿಗೆ ಕೆನ್ನೆ ಒರಗಿ ಸವೆದ ಗುರುತು ಎಡಚನದೇ ಆಗಿತ್ತು. ಅವನನ್ನು ಹಾಗೇ ಎಬ್ಬಿಸಿ ಕಳಿಸಿದಳು.

ನಾನೂ ನಿಂಗನೂ ಶೀಳನೆರೆಯವರು. ಹಂದಿ ಬೇಟೆಗೆಂದು ಪಾಲಿನಲ್ಲಿ ಒಂದು ಹಳೇ ಕೋವಿ ಕೊಂಡಿದ್ದೆವು. ಎರಡು ತಿಂಗಳು ಅದು ಮದ್ದುಗುಂಡು ತುಂಬಿಕೊಂಡೇ ನಮ್ಮ ಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಗದ್ದೆಗೆ ಹಂದಿ ಬಿತ್ತೆಂದು ನಿಂಗ ಅದನ್ನೊಯ್ದು ಹೊಡೆದಾಗ ನಳಿಗೆ ಸೀಳಿ ಅವನ ಎಡಗೈ ಹೆಬ್ಬೆರಳು ಹೋಯಿತು. ತುಂಬಿದ್ದರ ಮೇಲೆ ಅವನು ಮತ್ತೆ ಮದ್ದು ಸುರಿದಿದ್ದಾನೆಂದು ಊರಿಗೆಲ್ಲ ಹೇಳಿದೆ. ಅವನು ಇಲ್ಲವೆಂದು ಎಷ್ಟು ಹೇಳಿದರೂ ನಂಬಲಿಲ್ಲ. ಇಬ್ಬರ ನಡುವೆ ಮಾತು ನಿಂತಿತು.

ಕೋವಿ ಮಾರಿಬಿಡೋಣವೆಂದು ನಾನೊಬ್ಬನೇ ಪುಟ್ಟಾಚಮ್ಮನ ಬಳಿ ಹೋದೆ. ಪಾಲಿನ ಕೋವಿ ಎಂದು ತಿಳಿದೊಡನೆ, “ಒಬ್ನೇ ಬಂದ್ರೆ ನಾ ನೋಡಾಕಿಲ್ಲ ಕಣ್ಲಾ. ಅವ್ನೂ ಬರ್ಲಿ,” ಎಂದಳು.

ನಿಂಗನಿಗೆ ಬೇರೆಯವರಿಂದ ಹೇಳಿಕಳಿಸಿದೆ. ಮರುದಿನ ಜಗಲಿಯ ಆ ತುದಿಗೊಬ್ಬ, ಈ ತುದಿಗೊಬ್ಬ ಕುಳಿತೆವು. ನಿಂಗನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ನಳಿಗೆಯನ್ನು ಬಿಸಿಲಿಗೆ ಹಿಡಿದು, ಸೀಳಿನ ಸಂದಿಯನ್ನು ಸೂಜಿಯಿಂದ ಕೆದಕಿದಳು. ಕೆಂಪಗೆ ಸುಟ್ಟ ಮಣ್ಣಿನ ಚೂರು ಅವಳ ಅಂಗೈಗೆ ಉದುರಿತು.

“ಮದ್ದು ಎಚ್ಚಾಗಿದ್ರೆ ಬುಡದಲ್ಲಿ ಸೀಳ್ತಿತ್ತು. ಇದು ನಡುವಲ್ಲಿ ಉಬ್ಬಿ ಸೀಳ್ಯದೆ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಗುಂಡು ಅದಕ್ಕೆ ಸಿಕ್ಕಾಕ್ಕೊಂಡದೆ. ಯಾರ ಮನೇಲಿ ನೇತಾಕಿದ್ರಿ?”

ಗೋಡೆಯ ಹತ್ತಿರ ಕಣಜ ಸುಳಿಯುತ್ತಿದೆ ಎಂದು ಹೆಂಡತಿ ಹೇಳಿದ್ದಳು. ನಾನು ಎದ್ದು ನೋಡಿರಲಿಲ್ಲ. ನಮ್ಮ ಮನೆಯಲ್ಲೇ ಎಂದೆ.

ನಳಿಗೆ ಬರೀ ಕಬ್ಬಿಣ, ಕಿಡಿ ಹಾರಿಸುವ ಕುದುರೆ ಮಾತ್ರ ಗಟ್ಟಿಯಾಗಿದೆ, ಒಂದು ಮೇಕೆಗೆ ಸಮ ಎಂದಳು. ಆ ಮೇಕೆ ನಿಂಗನಿಗೇ ಇರಲಿ ಎಂದೆ. ನಿಂಗ ಅವತ್ತು ಮೊದಲ ಸಲ ನನ್ನ ಕಡೆ ತಿರುಗಿದ.

“ಮೇಕೆ ಬ್ಯಾಡ. ಊರಿಗೆಲ್ಲಾ ಅದ್ನ ಯೋಳ್ದಲ್ಲ, ಈಗ ಇದ್ನೂ ಯೋಳು.”

ಮನೆಮನೆಗೆ ಹೋಗಿ ಹೇಳಿದೆ.

ಮರುವರ್ಷ ಪುಟ್ಟಾಚಮ್ಮನನ್ನು ನೋಡಲು ಹೋದೆ. ಕೋವಿ ಇಲ್ಲದೆ ಯಾಕೆ ಬಂದೆ ಎಂದು ಅನುಮಾನಪಟ್ಟಳು. ನಿಂಗ ಈಗ ನಮ್ಮ ಮನೆಯಲ್ಲಿ ಉಣ್ಣುತ್ತಾನೆ ಎಂದೆ. ನನ್ನ ಮುಖವನ್ನೇ ದಿಟ್ಟಿಸಿದಳು.

ಪಟ್ಟಣದ ಕೋಟೆ ಬಿದ್ದ ವರ್ಷ, ಗಲಭೆ ಅಡಗಿದ ಮೇಲೆ, ಇಬ್ಬರೂ ಕೂಡಿ ಹೊಸಹೊಳಲಿಗೆ ಹೋದೆವು. ಅವಳು ಜ್ವರದಿಂದ ತೀರಿಕೊಂಡು ತಿಂಗಳಾಗಿತ್ತು. ಸೊಸೆ ನೀರು ಕೊಟ್ಟು ನಾವು ಯಾರೆಂದು ವಿಚಾರಿಸಿದಳು. ಹೇಳಿದಾಗ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಶೀಳನೆರೆಯಿಂದ ಯಾರೇ ಬಂದ್ರೂ ನಮ್ಮತ್ತೆ, ಅವರಿಬ್ರೂ ದಿಟವಾಗ್ಲೂ ಒಟ್ಗೆ ಉಣ್ತಾವ್ರಾ ಅಂತ ಕೇಳೋರು. ಎಷ್ಟ್ ಜನ ಊಂ ಅಂದ್ರೂ ನಂಬ್ತಿರ್ಲಿಲ್ಲ.”