ಕೊಸರಿಲ್ಲದ ಉತ್ತರ

ಹಲಸೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಅಂಗಳದಲ್ಲಿ ಸೇರು, ಪಾವು, ಮರಳಿನ ಗುಡ್ಡೆ ಇಟ್ಟುಕೊಂಡು ಶಾಂತಕುಮಾರಿ ಟೀಚರು ಆಗಲೇ ಕೂತಾಗಿದೆ. ಸುತ್ತ ಆರನೆಯ ತರಗತಿಯ ಹುಡುಗಿಯರು. ಸ್ಕೂಲಿನ ಗಂಟೆ ಹೊಡೆಯುವ ಮೊದಲು ಇವರೆಲ್ಲ ಮಾರ್ಕೆಟ್ಟಿಗೆ ಓಡಿ ಅಮ್ಮಂದಿರಿಗೆ ಅಂಗಡಿ ಹರಡಿಕೊಡಬೇಕು. ಅದಕ್ಕೇ ಲೆಕ್ಕದ ಪಾಠ ಕೋಳಿ ಕೂಗುವ ಹೊತ್ತಿಗೆ.

ಇವತ್ತಂತೂ ಟೀಚರು ಒಂದೇ ಲೆಕ್ಕವನ್ನು ಮೂರು ಮೂರು ಸಲ ಕೇಳುತ್ತಿದ್ದಾರೆ. ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಬರುತ್ತಾರೆ. ಹೋದ ವರ್ಷ ತ್ರೈರಾಶಿ ಲೆಕ್ಕದಲ್ಲಿ ಇಡೀ ತರಗತಿ ಮುಗ್ಗರಿಸಿ, ಅದೇ ಹುಡುಗಿಯರು ಮತ್ತೆ ಅದೇ ಮಣೆಯ ಮೇಲೆ ಕೂತಿದ್ದಾರೆ. ಈ ಸಲವೂ ಹಾಗಾದರೆ ಏಳನೆಯ ತರಗತಿ ತೆರೆಯುವ ಮಾತೇ ಇಲ್ಲ, ಆರಕ್ಕೇ ಓದು ಸಾಕು ಎಂದು ಸ್ಕೂಲು ಕಮಿಟಿಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ.

ಮುಗ್ಗರಿಸಿದ ಕಥೆ ಕೇಳಿದರೆ ನಗಬೇಕೋ ಅಳಬೇಕೋ! ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆಯಾದರೆ ಹನ್ನೆರಡು ಪಾವು ಅಕ್ಕಿಗೆ ಎಷ್ಟು ಎಂದು ಕೇಳಿದ್ದಕ್ಕೆ, ‘ನಾಲ್ಕು ಪಾವು, ಮೇಲೊಂದು ಹಿಡಿ’ ಎಂದು ಎಲ್ಲರೂ ಬರೆದಿಟ್ಟಿದ್ದರು. ಕಾಳು, ತರಕಾರಿ ಮಾರುವವರ ಮಕ್ಕಳು ತಾನೆ, ಅಳೆದ ಮೇಲೆ ಕೊಸರು ಹಾಕದೆ ಕೈ ತೆಗೆದವರಲ್ಲ. ಟೀಚರು ಗದರಿಸಿದಾಗ ಕಾಳಿನಂಗಡಿ ಮಾರಕ್ಕನ ಮಗಳು ಅಂಜಿನಮ್ಮ ಕೊಟ್ಟ ಉತ್ತರ ಇದು: “ಕೊಸರು ಹಾಕ್ದಿದ್ರೆ ಗಿರಾಕಿ ತಿರುಗಿ ಬರಲ್ಲ, ಟೀಚರಮ್ಮ.”

ಶಾಂತಕುಮಾರಿಯವರ ಮನೆಮಾತು ತಮಿಳು, ಪಾಠ ಕನ್ನಡ, ಬೈಗುಳ ಎರಡರಲ್ಲೂ. ಗಂಡ ಯುದ್ಧಕ್ಕೆ ಹೋದವರು ಬರ್ಮಾದಿಂದ ತಿರುಗಿ ಬರಲಿಲ್ಲ. ಅಂದಿನಿಂದ ಕೈಹಿಡಿದದ್ದು ಈ ಕೆಲಸವೇ. ಅಂಜಿನಮ್ಮನ ಮಾತು ಅವರಿಗೆ ನಾಟಿತು. “ಅದು ಅವ್ರ ಮನೆ ಮರ್ಯಾದೆ ಕಣ್ರೀ, ಬಿಡು ಅಂತ ಹೆಂಗ್ ಹೇಳ್ಲಿ? ಉತ್ತರ ಹೇಳೋವರ್ಗೂ ಮುಷ್ಟೀಲಿಟ್ಕೋ ಅಂದೆ,” ಎನ್ನುತ್ತಾರೆ.

ಅಂದಿನಿಂದ ಪ್ರತಿ ಹುಡುಗಿಯ ಎಡಗೈಯಲ್ಲೊಂದು ಹುಣಸೆಬೀಜ, ಅದೇ ಕೊಸರು. ಮೊದಲು ಒಂದರ ಪಾಲು ತೆಗೆ, ಆಮೇಲೆ ಎಷ್ಟು ಬೇಕೋ ಅಷ್ಟರಿಂದ ಗುಣಿಸು, ಉತ್ತರ ಹೇಳು. ಅಷ್ಟಾದ ಮೇಲಷ್ಟೇ ಬೀಜವನ್ನು ಗುಡ್ಡೆಗೆ ಎಸೆಯಬಹುದು. ಹುಡುಗಿಯರಿಗೆ ಇದು ಆಟ, ಟೀಚರಿಗೆ ಜೀವನ್ಮರಣದ ಪ್ರಶ್ನೆ.

ಹತ್ತು ಹೊಡೆಯುತ್ತದೆ. ಒಳಗೆ ಬಂದ ಇನ್‌ಸ್ಪೆಕ್ಟರ ಬೆರಳು ನೆಟ್ಟಗೆ ಅಂಜಿನಮ್ಮನ ಕಡೆಗೇ ತಿರುಗಬೇಕೆ! ನಾಲ್ಕು ಕುದುರೆಗೆ ದಿನಕ್ಕೆ ಆರು ಸೇರು ಹುರುಳಿ, ಹತ್ತು ಕುದುರೆಗೆ ಎಷ್ಟು ಎಂದು ಕೇಳುತ್ತಾರೆ. ಒಂದು ಕುದುರೆಗೆ ಒಂದೂವರೆ ಸೇರು ಎಂದು ಅಂಜಿನಮ್ಮ ತುಟಿಯಲ್ಲೇ ಗೊಣಗಿಕೊಂಡು, “ಹದಿನೈದು ಸೇರು,” ಎನ್ನುತ್ತಾಳೆ.

ಸರಿಯಾಗಿದೆ! ಆದರೆ ತುಟಿ ಮತ್ತೆ ಅಲುಗುತ್ತದೆ. ಮೂಕಪ್ರಾಣಿಗಳಿಗೆ ಬರೀ ಅಳತೆಯಷ್ಟೇ ಹಾಕುವುದೆಂದರೆ ಅವಳಿಗೆ ಸಂಕಟ. ಬಾಗಿಲಲ್ಲಿ ನಿಂತ ಟೀಚರು ಚೌಕಟ್ಟು ಹಿಡಿದುಕೊಳ್ಳುತ್ತಾರೆ. ಬೀಜ ಹಿಡಿದ ಅಂಜಿನಮ್ಮನ ಎಡಮುಷ್ಟಿ ಇನ್ನಷ್ಟು ಬಿಗಿಯಾಗುತ್ತದೆ.

“ಅಷ್ಟೇ, ಸಾರ್.”

ಆಮೇಲೆ ತಡೆಯುವವರು ಯಾರು! ಒಬ್ಬಳಾದ ಮೇಲೆ ಒಬ್ಬಳು ಪಟಪಟ ಉತ್ತರ ಒದರುತ್ತಾರೆ. ತರಗತಿ ಪೂರ್ತಿ ಪಾಸು. ಏಳನೆಯ ತರಗತಿಗೆ ಇನ್‌ಸ್ಪೆಕ್ಟರು ಅಲ್ಲೇ ಒಪ್ಪಿಗೆ ಕೊಡುತ್ತಾರೆ. ಮಾರ್ಕೆಟ್ಟಿಗೆ ಸುದ್ದಿ ಮುಟ್ಟಿ, ಮಾರಕ್ಕ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಓಡಿ ಬಂದು ಮಗಳ ಕೆನ್ನೆ ನೇವರಿಸುತ್ತಾಳೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಟೀಚರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಬೆವರೋ ಕಣ್ಣೀರೋ, ಅವರಿಗೇ ಗೊತ್ತು.

“ಏಳನೇ ಕ್ಲಾಸಿಗೆ ರೂಮಿಲ್ಲ ಅಂದ್ರು ಕಮಿಟಿಯೋರು. ಜಗಲಿ ಇದ್ಯಲ್ಲ, ಅಂದೆ.”