ಬಿಟ್ಟಿ ಎಂದ ಬಾಯಿ

ಅತ್ತಿಗೆ, ನೀವು ಅರಸೀಕೆರೆಗೆ ಹೋಗುವುದನ್ನು ಅಣ್ಣ ನಿಲ್ಲಿಸಿದ್ದು ನನ್ನ ಮಾತಿನಿಂದ. ಆ ಮಾತು ಬಾಯಿತಪ್ಪಿ ಬಂದದ್ದಲ್ಲ — ದಾರಿಯುದ್ದಕ್ಕೂ ಹದ ಮಾಡಿಕೊಂಡು ಬಂದಿದ್ದೆ.

ಆಗ ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೆ. ಹೆಂಗಸರಿಗೆ ಬಸ್ಸು ಉಚಿತವಾಗಿತ್ತು. ಬಿಟ್ಟಿ ಸಿಕ್ಕಿದ್ದು ಜನರನ್ನು ಕೆಡಿಸುತ್ತದೆ ಎಂದು ಸೆಮಿನಾರಿಗೆ ಬರೆಯುತ್ತಿದ್ದೆ; ಒಂದು ಉದಾಹರಣೆ ಬೇಕಿತ್ತು. ರಜೆಗೆ ಊರಿಗೆ ಬರುವಾಗ ಅರಸೀಕೆರೆ ಬಸ್ ನಿಲ್ದಾಣದಲ್ಲಿ ನೀವು ಕಂಡಿರಿ. ಕಂಕುಳಲ್ಲಿ ಬಟ್ಟೆಚೀಲ, ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು. ನಿಮ್ಮಷ್ಟಕ್ಕೆ ನೀವೇ ಏನೋ ಗುನುಗುತ್ತಿದ್ದಿರಿ.

ಇವರು ಎಲ್ಲಿಗೆ ಹೋಗಿದ್ದರು? — ಆ ಪ್ರಶ್ನೆ ನನ್ನಲ್ಲಿ ಎದ್ದಿತ್ತು. ಇದನ್ನು ಯಾರಿಗೂ ಹೇಳಿಲ್ಲ. ಎದ್ದ ಪ್ರಶ್ನೆಯನ್ನು ನಾನೇ ಅದುಮಿದೆ. ಕೇಳಿದ್ದರೆ ನೀವು ಉತ್ತರ ಕೊಡುತ್ತಿದ್ದಿರಿ, ಉತ್ತರ ಸಿಕ್ಕಿದ್ದರೆ ಉದಾಹರಣೆ ಕೆಡುತ್ತಿತ್ತು. ಕಂಬದ ಮರೆಗೆ ಸರಿದು, ನೀವು ಬಸ್ಸು ಹತ್ತಿ ಹೋಗುವವರೆಗೂ ನಿಂತೆ.

ಹುಲಿಕೆರೆಯ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ತಮಾಷೆ ತೆಗೆದ. "ನಿಮ್ಮತ್ತಿಗೆ ಈಗ ಕಂಡಕ್ಟರ್‌ಗಿಂತ ಜಾಸ್ತಿ ಓಡಾಡ್ತಾಳೆ ಕಣೇ. ಅರಸೀಕೆರೇಲಿ ಅದ್ಯಾರೋ ಚಿಕ್ಕಮ್ಮ ಇದಾರಂತೆ."

"ಬಿಟ್ಟಿ ಬಸ್ಸಲ್ವಾ ಅಣ್ಣಾ," ಎಂದೆ. "ದುಡ್ಡು ಕೊಡೋ ಹಂಗಿದ್ರೆ ಚಿಕ್ಕಮ್ಮ ನೆನಪಾಗ್ತಿದ್ರಾ?"

ಅವನ ನಗು ನಿಂತಿತು. "ನಾಳೆಯಿಂದ ಎಲ್ಲಿಗೂ ಹೋಗ್ಬ್ಯಾಡ," ಎಂದು ನಿಮಗೆ ಹೇಳಿದ. ನೀವು ನನ್ನ ತಟ್ಟೆಗೆ ಮುದ್ದೆ ಇಡುತ್ತಿದ್ದಿರಿ.

"ಅಲ್ಲ ಕಣಮ್ಮ, ಕಾಸಿಲ್ದೆ ಸಿಕ್ಕಿದ್ರೂ ಬಿಟ್ಟಿ ಅಂತಾರೆ, ಕಾಸಿಲ್ದೆ ಗೇಯ್ದ್ರೂ ಬಿಟ್ಟಿ ಚಾಕರಿ ಅಂತಾರೆ. ಎರಡಕ್ಕೂ ಒಂದೇ ಮಾತು ಯಾಕೆ?" ಎಂದು ನನ್ನನ್ನು ಕೇಳಿದಿರಿ.

ಅದು ನಿಜವಾದ ಪ್ರಶ್ನೆಯಾಗಿತ್ತು. ನಾನು ಮೈಸೂರಿನಲ್ಲಿ ಕೂತು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ. ನನಗೆ ಕೇಳಿಸಿದ್ದು ಕೊಂಕು ಮಾತ್ರ. ಮುದ್ದೆ ಮುರಿದೆ. ಸೆಮಿನಾರಿನಲ್ಲಿ ನೀವು "ನಮ್ಮೂರಿನ ಒಬ್ಬ ಮಹಿಳೆ" ಆದಿರಿ. ಚಪ್ಪಾಳೆ ಬಂತು.

ಮುಂದಿನ ರಜೆಗೆ ಅದೇ ನಿಲ್ದಾಣದಲ್ಲಿ ನನ್ನ ಹೈಸ್ಕೂಲಿನ ಲೆಕ್ಕದ ಮಿಸ್ ಸಿಕ್ಕಿದರು. ನಿವೃತ್ತರಾಗಿ ಅರಸೀಕೆರೆಯಲ್ಲೇ ಇದ್ದಾರೆ. "ನಿಮ್ಮತ್ತಿಗೆ ಯಾಕಮ್ಮ ನನ್ ಹತ್ರ ಪಾಠಕ್ಕೆ ಬರೋದು ಬಿಟ್ಬಿಟ್ರು? ಎಸ್ಸೆಸ್ಸೆಲ್ಸಿಲಿ ಲೆಕ್ಕ ಒಂದೇ ಉಳಿದಿತ್ತು. ಪರೀಕ್ಷೆಗೂ ಬರ್ಲಿಲ್ಲ. ಪಾಸಾದ್ರೆ ಮೊದ್ಲು ನಾದಿನಿಗೆ ಹೇಳ್ತೀನಿ, ಅವಳು ಓದಿರೋಳು, ಅವಳೊಬ್ಳು ನಗಲ್ಲ ಅಂತಿದ್ರು."

ಅವಳೊಬ್ಬಳು ನಗಲ್ಲ —

ನಮ್ಮೂರಿನ ಮೇಲೆ ಹೋಗುವ ಹಳೇಬೀಡಿನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ನೀವು ಅಂದು ಗುನುಗುತ್ತಿದ್ದದ್ದು ಯಾವುದೋ ಲೆಕ್ಕದ ಸೂತ್ರವಿರಬೇಕು.

ಉಚಿತ ಬಸ್ಸು ಸರಿಯೋ ತಪ್ಪೋ, ಈಗಲೂ ನನಗೆ ಗೊತ್ತಿಲ್ಲ. ಅಂದು ಅಷ್ಟು ಖಚಿತವಾಗಿ ಗೊತ್ತಿತ್ತಲ್ಲ. ನನ್ನ ನಂಬಿಕೆಗಳಲ್ಲಿ ಕೇಳಿ ತಿಳಿದದ್ದೆಷ್ಟು, ಕೇಳದೆ ಉಳಿಸಿಕೊಂಡದ್ದೆಷ್ಟು? ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದೇನೆ.

ಆ ಸಂಜೆ ಅಡುಗೆಮನೆಗೆ ಬಂದು ಕೊನೆಗೂ ಕೇಳಿದೆ, "ಅರಸೀಕೆರೆಗೆ ಯಾಕೆ ಹೋಗ್ತಿದ್ರಿ ಅತ್ತಿಗೆ?" ನೀವು ತೆಂಗಿನಕಾಯಿ ತುರಿಯುತ್ತಿದ್ದಿರಿ. ತಲೆ ಎತ್ತಲಿಲ್ಲ.

"ಈಗ ಕೇಳಿ ಏನ್ಮಾಡ್ತೀಯಾ? ಬರ್ಕೋತೀಯಾ?"

ಸೆಮಿನಾರಿನ ವಿಷಯ ನಿಮಗೆ ಗೊತ್ತಿತ್ತು. ಅಣ್ಣನಿಗೆ ಫೋನಿನಲ್ಲಿ ನಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದೆನಲ್ಲ.

ಆಮೇಲೆ ನೀವು ನನ್ನನ್ನು ಏನೂ ಕೇಳಿಲ್ಲ. "ಯಾಕೆ" ಎಂಬ ಮಾತು ನಿಮ್ಮ ಬಾಯಿಂದ ಆ ಮನೆಯಲ್ಲಿ ಮತ್ತೆ ಬಂದದ್ದನ್ನು ನಾನು ಕೇಳಿಲ್ಲ. ನಿಮ್ಮ ಗುಟ್ಟನ್ನು ಅಣ್ಣನಿಗೆ ಹೇಳುವ ಹಕ್ಕು ನನಗಿಲ್ಲ. ನನ್ನದನ್ನು — ಬೇಕೆಂದೇ ಕೇಳದೆ ನಿಂತ ಆ ಕಂಬದ ಮರೆಯನ್ನು — ಈ ಬಾರಿ ಊಟಕ್ಕೆ ಕೂತಾಗ ಅವನ ಮುಂದೆಯೇ ಹೇಳುತ್ತೇನೆ. ಆಗ ನೀವು ನನ್ನ ಕಡೆ ನೋಡದಿದ್ದರೂ ಸರಿ.