ಹೆದರಿಸಲಾರದ ಲಾಂಛನ

ನಿವೃತ್ತನಾದ ಮೇಲೆ ಸಿನಿಮಾ ತರಗತಿಗೆ ಸೇರಿ, ಥ್ರಿಲ್ಲರ್ ಮತ್ತು ಹಾರರ್ ಚಿತ್ರಗಳ ನಿಯಮಗಳನ್ನು ವೇದಾಧ್ಯಯನದ ಗಾಂಭೀರ್ಯದಿಂದ ಓದಿದೆ. ಕತೆ ಶುರುವಾಗುವ ಮೊದಲೇ ನಿರ್ಮಾಣ ಸಂಸ್ಥೆಯ ಲಾಂಛನ ನೋಡುಗರ ಎದೆ ನಡುಗಿಸಬೇಕಂತೆ. ಅಂಥದೊಂದನ್ನು ಮಾಡಿ ತೋರಿಸಿದರೆ ಮಾತ್ರ ಪಾಸು. ಕಪ್ಪು ಪರದೆ, ಒಡೆದ ಅಕ್ಷರ, ಕಿರುಗುಟ್ಟುವ ಬಾಗಿಲು ಸಾಕೆಂದು ನಿರ್ಧರಿಸಿ ಬೈಲಹೊಂಗಲದಲ್ಲಿ ಮದುವೆ ವಿಡಿಯೊಗಳನ್ನೂ ಮಾಡಿಕೊಡುವ ಫ್ಲೆಕ್ಸ್ ಅಂಗಡಿಗೆ ಹೋದೆ.

"ಹೊಸಾ ಕಂಪನಿ ಅಂತೀರಿ, ಕರೇ ಬಣ್ಣದಿಂದ ಶುರು ಮಾಡ್ತೀರೇನ್ರಿ ಸರ?" ಎಂದ ಮಾಲೀಕ.

"ನೋಡಿದ ಮಂದಿ ಅಂಜಬೇಕಪಾ."

"ಸಿನಿಮಾದಾಗ ಅಂಜಲಿ ಬಿಡ್ರಿ. ಮೊದಲನೇದ್ದು ಮಂಗಳ ಇರಬೇಕು. ನಾಳೆ ನಿಮಗ ಏನರ ಆದ್ರ ನನ್ನ ಕೈಗುಣ ಅಂತಾರ."

ತಿದ್ದಿಸಿದಷ್ಟೂ ಅರಿಷಿಣ ಬಣ್ಣ ಹೆಚ್ಚಾಯಿತು. ಪರೀಕ್ಷೆಯ ದಿನ ಪರದೆಯ ಮೇಲೆ ಎರಡು ದೀಪ ಬೆಳಗಿದವು, ನಡುವೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದು ಮೂಡಿತು, ಹಿಂದಿನಿಂದ ಶಹನಾಯಿ ಕೇಳಿಸಿತು. ಮುಂದಿನ ಸಾಲಿನವರು ಕೈಮುಗಿದರು. ಪರೀಕ್ಷಕರು ನನ್ನತ್ತ ತಿರುಗಿ, "ಲಗ್ನ ಯಾರದ್ರೀ ಸರ?" ಎಂದು ಕೇಳಿದರು.

ನಪಾಸಾದೆ. ಮರುಪರೀಕ್ಷೆಗೆ ಊರು ಬದಲಿಸಿದರಾದರೂ ಭಯ ಹುಟ್ಟೀತೆಂದು ಸವದತ್ತಿಯ ಅಂಗಡಿಗೆ ಫೋನು ಮಾಡಿದೆ. ನಾನು ಹೇಳಿದ್ದನ್ನೆಲ್ಲ ಆತ ಶ್ರದ್ಧೆಯಿಂದ ಕೇಳಿಸಿಕೊಂಡ.

"ಆತ್ರಿ ಸರ, ಮಾಡೂಣು. ನಿಮ್ಮ ಮನಿದೇವರು ಯಾವುದ್ರಿ?"